ಮಾಲವಿಕಾ ಟೀಚರ್ ಹೇಳಿಸಿದ ಮಾತು

ಒಂಬತ್ತನೇ ತರಗತಿಯವರಿಗೆ ಮಾಲವಿಕಾ ಅಂದು ಪುಸ್ತಕ ತೆರೆಯಲು ಹೇಳಲೇ ಇಲ್ಲ. ಕೋಣೆಯ ನಡುವೆ ಒಂದು ಮೇಜು ಎಳೆದು ನಿಲ್ಲಿಸಿ, "ನಿಮ್ಮ ಮೈಮೇಲೆ, ಚೀಲದಲ್ಲಿ, ಜೇಬಿನಲ್ಲಿ ನೆಲದಡಿಯ ಎಣ್ಣೆಯಿಂದ ಆದದ್ದು ಏನೇನಿದೆಯೋ ಎಲ್ಲ ತಂದು ಇದರ ಮೇಲಿಡಿ" ಎಂದಳು. ಮಕ್ಕಳು ಮುಖಮುಖ ನೋಡಿಕೊಂಡರು. ಶಾಲೆಗೆ ಪೆಟ್ರೋಲ್ ಯಾರು ತರುತ್ತಾರೆ ಮಿಸ್ ಎಂದು ಹಿಂದಿನ ಸಾಲಿನವನೊಬ್ಬ ನಕ್ಕ. ಅವಳು ತನ್ನ ಬಾಲ್‌ಪೆನ್ನು ತೆಗೆದು ಮೇಜಿನ ಮೇಲಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ. ಪೆನ್ನುಗಳು, ನೀರಿನ ಬಾಟಲಿಗಳು, ಊಟದ ಡಬ್ಬಿಗಳು, ಫೋನಿನ ಕವರುಗಳು. ಒಬ್ಬಳು ತುಟಿಗೆ ಹಚ್ಚುವ ಮುಲಾಮು ತಂದಳು. ಇನ್ನೊಬ್ಬ ಅಗಿಯುತ್ತಿದ್ದ ಚೂಯಿಂಗ್ ಗಮ್ ಉಗಿದು ಕಾಗದದಲ್ಲಿ ಸುತ್ತಿ ಇಟ್ಟ. ಪಾಲಿಯೆಸ್ಟರ್ ಜಾಕೆಟ್ಟುಗಳು ಬಂದವು, ರಬ್ಬರ್ ಅಟ್ಟೆಯ ಶೂಗಳು ಬಂದವು. ಒಬ್ಬ ಹುಡುಗ ಕನ್ನಡಕದ ಗಾಜೂ ಪ್ಲಾಸ್ಟಿಕ್ಕೇ ಎಂದು ತಿಳಿದು ಅದನ್ನೂ ತೆಗೆದಿಟ್ಟು, ತನ್ನ ಕುರ್ಚಿ ಯಾವುದೆಂದು ತಡಕಾಡಿದ. ಮೈಸೂರು ಮೂಲದ ನಿಹಾರಿಕಾ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಕೂದಲು ಕೆದರಿಕೊಂಡು ಕೂತಳು. ಮೇಜು ತುಂಬಿ ನೆಲಕ್ಕೆ ಸುರಿಯಿತು. ಚಳಿಗಾಲ ಬಾಗಿಲಿಗೆ ಬಂದಿದ್ದ ಪರ್ತ್‌ನ ಆ ಬೆಳಿಗ್ಗೆ, ಕಾಲುಚೀಲದಲ್ಲಿ ನಡುಗುತ್ತ ನಿಂತ ಮಕ್ಕಳಿಗೆ ಒಂದು ಬ್ಯಾರಲ್ ಎಣ್ಣೆಯಿಂದ ಏನೇನಾಗುತ್ತದೆ ಎಂದು ಮತ್ತೆ ವಿವರಿಸಬೇಕಾಗಿರಲಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಮಾತ್ರ, ಎಡಗಾಲಿನ ಶೂ ಸಿಗದ ಅರ್ಧ ತರಗತಿಯನ್ನು ನೋಡಿ ಉರಿದುಬಿದ್ದರು.

ಪಾಠ ಮಾಡುವುದೆಂದರೆ ಹಾಗೆ ಮಾಡಬೇಕು. ಮಾಲವಿಕಾ ಬಾಯಿ ತೆರೆದರೆ ಮೂವತ್ತು ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಅಂಥ ಹೆಂಗಸಿಗೆ ತನಗೆ ಬೇಕಾದದ್ದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಅವಳ ಬದುಕು ಸಿಕ್ಕಿಕೊಂಡದ್ದು ಅಲ್ಲೇ.

ಅವಳು ಮೈಸೂರಿನ ಕುವೆಂಪುನಗರದವಳು. ಅಲ್ಲಿ ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದಳು. ಆ ಕೆಲಸ ಸಿಕ್ಕಿದ್ದು ಸೋದರಮಾವ ಕಾಲೇಜಿನ ಕಾರ್ಯದರ್ಶಿಗೆ ಒಂದು ಮಾತು ಹೇಳಿದ್ದರಿಂದ. ಅವಳಿಗೆ ಅರ್ಹತೆ ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಮನೆಯಲ್ಲಿ ತಮಗೆ ಬೇಕಾದದ್ದನ್ನು ತಾವೇ ಹೋಗಿ ಕೇಳಿದವರು ಯಾರೂ ಇಲ್ಲ. ಅಪ್ಪನ ವರ್ಗಾವಣೆಗೆ ಪಕ್ಕದ ಮನೆಯ ರಾಯರು ಹೇಳಿದ್ದರು, ಅಣ್ಣನ ಸೀಟಿಗೆ ಅಪ್ಪನ ಸ್ನೇಹಿತರು ಹೇಳಿದ್ದರು. ಕೇಳುವುದು ಮಾನಗೇಡು, ಹೇಳಿಸುವುದು ಮರ್ಯಾದೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ, ಅನ್ನದ ಜೊತೆ ಒಳಗೆ ಹೋಗಿತ್ತು.

ಆಸ್ಟ್ರೇಲಿಯಾಕ್ಕೆ ಮೊದಲು ಬಂದದ್ದು ಅಡಿಲೇಡ್‌ಗೆ, ಶಿಕ್ಷಕರ ತರಬೇತಿಗೆ. ಹುಬ್ಬಳ್ಳಿ, ಭಟ್ಕಳ, ಹಾಸನದ ವಿದ್ಯಾರ್ಥಿಗಳ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದು, ಮಧ್ಯಾಹ್ನದ ಮೇಲೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಓದು ಮುಗಿಸಿದಳು. ಗಂಡ ಗುರುದತ್ ಮತ್ತು ಮಗ ಧ್ರುವ ಆಮೇಲೆ ಬಂದು ಸೇರಿಕೊಂಡರು. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರೂ ಕಡೆ ಶಾಲೆಗಳನ್ನಿಟ್ಟಿದ್ದ ಒಂದು ಸಂಸ್ಥೆ ಅವಳಿಗೆ ವೀಸಾ ಮಾಡಿಸಿಕೊಟ್ಟು, ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯ ಪಕ್ಕದ ಶಾಲೆಗೆ ಹಾಕಿತು. ಎಲೆಕ್ಟ್ರಿಕಲ್ ಎಂಜಿನಿಯರ್ ಗುರುದತ್‌ಗೆ ಪರ್ತ್‌ನಲ್ಲಿ ಎಷ್ಟು ಹುಡುಕಿದರೂ ತನ್ನ ಓದಿಗೆ ತಕ್ಕ ಕೆಲಸ ಸಿಗಲಿಲ್ಲ, ಬ್ರಿಸ್ಬೇನ್‌ನಲ್ಲಿ ಸಿಕ್ಕಿತು. ಅಲ್ಲಿನ ನಾರ್ತ್ ಲೇಕ್ಸ್ ಬಡಾವಣೆಯಲ್ಲಿ ಅವನ ಅಕ್ಕ ಇದ್ದಳು. ಶಾಲೆ ಬಿಟ್ಟ ಮೇಲೆ ಮಗುವನ್ನು ಅವಳು ನೋಡಿಕೊಳ್ಳುತ್ತಾಳೆ, ಒಂದು ವರ್ಷದ ಮಾತು ತಾನೇ ಎಂದು ಅಪ್ಪ ಮಗ ಅಲ್ಲಿಗೆ ಹೋದರು. ಆ ಒಂದು ವರ್ಷ ಮುಗಿಯಲೇ ಇಲ್ಲ.

ಮೂವರ ವೀಸಾವೂ ಅವಳ ಕೆಲಸಕ್ಕೆ ಕಟ್ಟಿಹಾಕಿದ್ದು. ಅವಳು ಆ ಸಂಸ್ಥೆಯನ್ನು ಬಿಟ್ಟರೆ ಗುರುದತ್‌ನ ಕೆಲಸವೂ ಹೋಯಿತು, ಧ್ರುವನ ಶಾಲೆಯೂ ಹೋಯಿತು. ಹೀಗಾಗಿ ಒಂದೇ ದೇಶದಲ್ಲಿ, ಐದು ಗಂಟೆ ವಿಮಾನದ ದೂರದಲ್ಲಿ, ಮಗನನ್ನು ಫೋನಿನ ಪರದೆಯಲ್ಲಿ ಬೆಳೆಸುತ್ತ ಅವಳು ಪಿಯಾರಾ ವಾಟರ್ಸ್‌ನ ಬಾಡಿಗೆ ಕೋಣೆಯೊಂದರಲ್ಲಿ ಉಳಿದಳು. ದಾರಿ ಇದ್ದದ್ದು ಒಂದೇ: ಸಂಸ್ಥೆಯ ಬ್ರಿಸ್ಬೇನ್ ಶಾಲೆಯಲ್ಲಿ ಜಾಗ ಖಾಲಿಯಾಗಬೇಕು, ಇಲ್ಲಿನ ಪ್ರಿನ್ಸಿಪಾಲ್ ಅವಳನ್ನು ಬಿಟ್ಟುಕೊಡಬೇಕು.

ಆ ವರ್ಷದ ಮಾರ್ಚ್‌ನಲ್ಲಿ ಜಾಗ ಖಾಲಿಯಾಯಿತು. ಅರ್ಥಶಾಸ್ತ್ರದ್ದೇ. ನಾರ್ತ್ ಲೇಕ್ಸ್‌ನಿಂದ ಕಾರಿನಲ್ಲಿ ಹತ್ತು ನಿಮಿಷ. ಸಂಸ್ಥೆಯ ಮೇಲ್‌ನಲ್ಲಿ ಅದನ್ನು ಅವಳು ಎರಡೆರಡು ಸಲ ಓದಿದಳು. ಅದೇ ವಾರ ಪ್ರಿನ್ಸಿಪಾಲ್ ಹೆಲೆನ್, ವರ್ಷಕ್ಕೊಮ್ಮೆ ಎಲ್ಲ ಶಿಕ್ಷಕರನ್ನೂ ಕರೆದು ಮಾತಾಡಿಸುವಂತೆ ಇವಳನ್ನೂ ಕರೆದಳು. ನೀಲಿ ಕಣ್ಣಿನ, ಗಟ್ಟಿ ಧ್ವನಿಯ, ಸುತ್ತಿಬಳಸಿ ಮಾತಾಡಲು ಬಾರದ ಹೆಂಗಸು. ಗುಮಾಸ್ತರಿಂದ ಮಕ್ಕಳ ತಾಯಂದಿರವರೆಗೆ ಎಲ್ಲರೂ ಅವಳನ್ನು ಹೆಲೆನ್ ಎಂದೇ ಕರೆಯುತ್ತಿದ್ದರು. ಮಾಲವಿಕಾ ಒಬ್ಬಳಿಗೆ ಅವಳು ಇನ್ನೂ ಮೇಡಂ. ಗಂಡ ಮಗ ಬ್ರಿಸ್ಬೇನ್‌ನಲ್ಲಿದ್ದಾರೆಂದು ಅವಳಿಗೆ ಹೇಳಿರಲೂ ಇಲ್ಲ.

"ಈ ವರ್ಷ ನಿನಗೆ ನಮ್ಮಿಂದ ಏನಾದರೂ ಬೇಕಾ?" ಎಂದು ಹೆಲೆನ್ ನೇರವಾಗಿ ಕೇಳಿದಳು.

ಅದಕ್ಕಿಂತ ದೊಡ್ಡ ಬಾಗಿಲು ಯಾರು ತೆರೆಯುತ್ತಾರೆ? ಮಾಲವಿಕಾ ನಗುತ್ತ, "ಏನೂ ಇಲ್ಲ ಮೇಡಂ. ಎಲ್ಲ ಚೆನ್ನಾಗಿದೆ" ಎಂದು ಎದ್ದು ಬಂದಳು.

ಹೇಳಿಸಬೇಕಿತ್ತಲ್ಲ, ಅದಕ್ಕೆ. ಹೇಳುವವರು ಯುಗಾದಿಯ ದಿನ ಸಿಕ್ಕರು. ಕನ್ನಡದವರೆಲ್ಲ ಸೇರಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಒಬ್ಬಟ್ಟಿನ ಸಾಲಿನ ತುದಿಯಲ್ಲಿ ಅನಂತಪದ್ಮನಾಭ ನಿಂತಿದ್ದರು. ಮೈಸೂರಿನ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾಗಿ ಮಗನ ಮನೆಗೆ ಬಂದು ನೆಲೆಸಿದವರು. ನಿಹಾರಿಕಾಳ ತಾತ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಶಾಲೆಯ ಆಡಳಿತ ಮಂಡಳಿಯಲ್ಲಿ ಊರಿನವರ ಪರವಾಗಿ ಕೂರುವ ಒಬ್ಬ ಸದಸ್ಯರು.

"ಅಂಕಲ್, ಬ್ರಿಸ್ಬೇನ್ ಸ್ಕೂಲಲ್ಲಿ ಒಂದು ಪೋಸ್ಟ್ ಖಾಲಿ ಆಗಿದ್ಯಂತೆ. ಅವರಿಬ್ರೂ ಅಲ್ಲೇ ಇದಾರಲ್ಲ... ನೀವು ಹೆಲೆನ್ ಮೇಡಂ ಹತ್ರ ನನ್ನ ಬಗ್ಗೆ ಒಂದು ಮಾತು ಹೇಳಿದ್ರೆ..."

"ಅಷ್ಟೇನಾ? ಹೇಳ್ತೀನಿ ಬಿಡಮ್ಮ. ನೀನು ತಲೆ ಕೆಡಿಸ್ಕೋಬೇಡ. ಒಬ್ಬಟ್ಟು ಇನ್ನೊಂದು ಹಾಕಿಸ್ಕೋ."

ಅವಳು ಎರಡು ಹಾಕಿಸಿಕೊಂಡಳು. ಸಂಜೆ ಗುರುದತ್‌ಗೆ ಫೋನ್ ಮಾಡಿ, "ಹೇಳ್ಸಿದ್ದೀನಿ" ಎಂದಳು. ನೀನೇ ಯಾಕೆ ಕೇಳಬಾರದು ಎಂದು ಅವನೂ ಕೇಳಲಿಲ್ಲ. ಅವನೂ ಮೈಸೂರಿನವನೇ. "ಒಳ್ಳೇದಾಯ್ತು. ಅವರ ಮಾತಿಗೆ ತೂಕ ಇರತ್ತೆ" ಎಂದ. ಅಲ್ಲಿಂದ ಇಬ್ಬರೂ ಕಾಯತೊಡಗಿದರು.

ಏಪ್ರಿಲ್ ಕಳೆಯಿತು, ಮೇ ಬಂತು. ಯಾವ ಸುದ್ದಿಯೂ ಇಲ್ಲ. ಅಂಕಲ್ ಸಿಕ್ಕಾಗಲೆಲ್ಲ ಕಣ್ಣು ಮಿಟುಕಿಸಿ "ಹೇಳಿದೀನಿ, ನಡೀತಾ ಇದೆ" ಎನ್ನುತ್ತಿದ್ದರು. ಮತ್ತೆ ಮತ್ತೆ ಕೇಳಿದರೆ ನಂಬಿಕೆ ಇಲ್ಲವೆಂದಾಗುತ್ತದೆ. ಹೆಲೆನ್‌ಳನ್ನು ಕೇಳೋಣವೆಂದರೆ ಅಂಕಲ್‌ನ ದಾಟಿ ಹೋದ ಹಾಗಾಗುತ್ತದೆ. ಎರಡೂ ಬಾಗಿಲು ಅವಳೇ ಹಾಕಿಕೊಂಡು ನಡುವೆ ನಿಂತಿದ್ದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಉಸಿರು ಕಟ್ಟಿದಂತಾಗಿ ಏಳುತ್ತಿದ್ದಳು. ಶಾಲೆಯೊಳಗೆ ಕಾಲಿಟ್ಟ ಮೇಲೆಯೇ ಸ್ವಲ್ಪ ಉಸಿರಾಡುತ್ತಿದ್ದಳು, ಯಾಕೆಂದರೆ ಅಲ್ಲಿ ಎಣ್ಣೆ ಪಾಠ ನಡೆಯುತ್ತಿತ್ತು.

ಉಪಯೋಗಗಳು ಮುಗಿದು ಬೇಡಿಕೆ ಪೂರೈಕೆಗೆ ಬಂದಾಗ ಅವಳು ಪುಸ್ತಕದ ಗೆರೆಗಳನ್ನು ಬಿಟ್ಟು ಪೆಟ್ರೋಲ್ ಬಂಕಿನ ಬೋರ್ಡು ಹಿಡಿದಳು. ಪರ್ತ್‌ನಲ್ಲಿ ಪ್ರತಿ ಬಂಕಿನವನೂ ನಾಳೆಯ ದರವನ್ನು ಇವತ್ತೇ ಸರ್ಕಾರಕ್ಕೆ ತಿಳಿಸಬೇಕು, ಬೆಳಿಗ್ಗೆ ಹಾಕಿದ ದರ ಇಡೀ ದಿನ ಬದಲಾಗುವಂತಿಲ್ಲ. ಮಂಗಳವಾರ ಅಗ್ಗವೆಂದು ಊರೆಲ್ಲ ಸಾಲು ನಿಲ್ಲುತ್ತಿತ್ತು, ಬುಧವಾರ ದರ ಜಿಗಿಯುತ್ತಿತ್ತು. ಬೇರೆ ಊರುಗಳಲ್ಲಿ ಹೇಗೆ? ಅಡಿಲೇಡ್‌ನಿಂದ ಹಳೆಯ ಮನೆಯ ಗೆಳತಿ ಪಾರ್ವತಿ ತನ್ನ ಬೀದಿಯ ಸರ್ವೋ ಬೋರ್ಡಿನ ಫೋಟೋ ಕಳಿಸುತ್ತಿದ್ದಳು. ಆಸ್ಟ್ರೇಲಿಯಾದವರ ಬಾಯಲ್ಲಿ ಪೆಟ್ರೋಲ್ ಬಂಕ್ ಎಂದರೆ ಸರ್ವೋ. ಬ್ರಿಸ್ಬೇನ್‌ನ ದರ ಹೇಳುವ ಕೆಲಸ ಒಂಬತ್ತು ವರ್ಷದ ಧ್ರುವನದು. ಶಾಲೆಗೆ ಹೋಗುವ ದಾರಿಯಲ್ಲಿ ಕಾರಿನ ಕಿಟಕಿಯಿಂದ ಬೋರ್ಡು ಓದಿ, ಅಪ್ಪನ ಫೋನಿನಲ್ಲಿ ಅಮ್ಮನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದ.

ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ ಎಂದರೆ 'ಯಾ' ಎಂದು ಮುಗಿಸುತ್ತಿದ್ದ ಹುಡುಗ ಬೆಲೆಯನ್ನು ಮಾತ್ರ ಉತ್ಸಾಹದಿಂದ ಹೇಳುತ್ತಿದ್ದ. ವಾರಗಟ್ಟಲೆ ದಿನಕ್ಕಿಷ್ಟಿಷ್ಟೇ ಇಳಿಯುತ್ತಿದ್ದ ಬ್ರಿಸ್ಬೇನ್‌ನ ದರ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಏರಿದಾಗ ಅವನು ಕಿರುಚಿದ ಕಿರುಚಾಟವನ್ನು ಇಡೀ ತರಗತಿ ಕೇಳಿ ನಕ್ಕಿತು. ಮಾಲವಿಕಾಳೂ ನಕ್ಕಳು. ಬಿಡುವಿನ ಹೊತ್ತಿನಲ್ಲಿ ಅದೇ ಸಂದೇಶವನ್ನು ಒಬ್ಬಳೇ ಮತ್ತೆ ಕೇಳಿದಳು. ಮಗನ ಧ್ವನಿ ಒಡೆಯುವ ವಯಸ್ಸಿಗಾದರೂ ತಾನು ಅಲ್ಲಿರುತ್ತೇನಾ ಎಂದು ಯೋಚಿಸಿದಳು.

ಮೂರು ಊರುಗಳ ದರವನ್ನು ಗೋಡೆಯ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ ದಿನ ಹೆಲೆನ್ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. "ಬುಧವಾರ ಎಣ್ಣೆ ಕಡಿಮೆ ಆಯ್ತಾ? ಇಲ್ಲ. ಮತ್ತೆ ದರ ಯಾಕೆ ಏರಿತು? ಆ ದರಕ್ಕೆ ಕೊಳ್ಳುವವರು ಯಾರು?" ಎಂದು ಮಾಲವಿಕಾ ಕೇಳಿದಳು. ಟ್ಯಾಂಕ್ ಖಾಲಿಯಾದವರು ಎಂದಳು ನಿಹಾರಿಕಾ. ಕೆಲಸಕ್ಕೆ ಹೋಗಲೇಬೇಕಾದವರು ಎಂದ ಇನ್ನೊಬ್ಬ. "ಸರಿ. ಕಾಯೋಕೆ ಆಗದವರು, ಬೇರೆ ಕಡೆ ಹೋಗೋಕೆ ಆಗದವರು. ಅವರ ಬೇಡಿಕೆ ಬೆಲೆಗೆ ಜಗ್ಗಲ್ಲ. ಎಷ್ಟು ಹೇಳಿದರೆ ಅಷ್ಟು ಕೊಡ್ತಾರೆ."

"ಅವರು ಸಿಕ್ಕಿಹಾಕ್ಕೊಂಡಿದ್ದಾರೆ ಅಂತಾನಾ ಮಿಸ್?" ಎಂದು ಕನ್ನಡಕದ ಹುಡುಗ ಕೇಳಿದ.

"ಹೌದು," ಎಂದು ಮಾಲವಿಕಾ ಗೋಡೆಯ ಕಡೆ ತಿರುಗಿದಳು. ಹೆಲೆನ್ ಹಿಂದಿನಿಂದ ಚಪ್ಪಾಳೆ ತಟ್ಟಿದಳು.

ಮರುವಾರವೇ ಹೆಲೆನ್ ತನ್ನ ಕೋಣೆಗೆ ಕರೆದಳು. ಮಾಲವಿಕಾ ಹೊರಡುವ ಮುನ್ನ ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡಳು. ಅಂತೂ ಅಂಕಲ್‌ನ ಮಾತು ತಲುಪಿತು ಎಂದೇ ಅವಳ ಲೆಕ್ಕ. ಒಳಗೆ ಹೋದರೆ ಹೆಲೆನ್ ಮುಖದಲ್ಲಿ ನಗು.

"ಒಳ್ಳೆಯ ಸುದ್ದಿ. ಮಂಡಳಿ ಒಪ್ಪಿದೆ. ನಿನ್ನನ್ನು ವಿಭಾಗದ ಮುಖ್ಯಸ್ಥೆ ಮಾಡುತ್ತಿದ್ದೇವೆ. ಮೂರು ವರ್ಷದ ಹೊಸ ಒಪ್ಪಂದ, ವೀಸಾ ಕೂಡ ಅಷ್ಟೇ ಕಾಲಕ್ಕೆ. ಅನಂತ್ ಎರಡು ತಿಂಗಳಿಂದ ನನ್ನ ಬೆನ್ನು ಹತ್ತಿದ್ದರು, ಇವಳನ್ನು ಕಳೆದುಕೊಳ್ಳಬೇಡಿ ಅಂತ. ನನಗೇನು ಹೇಳಿಸಿಕೊಳ್ಳಬೇಕಾ? ಏಪ್ರಿಲ್‌ನಲ್ಲಿ ಬ್ರಿಸ್ಬೇನ್‌ನವರು ಯಾರನ್ನಾದರೂ ಬಿಟ್ಟುಕೊಡುತ್ತೀರಾ ಅಂತ ಕೇಳಿದಾಗಲೇ ಹೇಳಿಬಿಟ್ಟೆ, ಮಾಲವಿಕಾಳ ಕಡೆ ತಿರುಗಿಯೂ ನೋಡಬೇಡಿ, ಅವಳು ನಮ್ಮವಳು ಅಂತ!"

"ಬ್ರಿಸ್ಬೇನ್‌ನ ಜಾಗ..." ಎಂದಳು ಮಾಲವಿಕಾ.

"ಓ, ಅದು ತುಂಬಿತು. ಅಡಿಲೇಡ್ ಶಾಲೆಯ ಯುವ ಶಿಕ್ಷಕನೊಬ್ಬ. ಅವನೇ ಅಲ್ಲಿಗೆ ಫೋನ್ ಮಾಡಿ ನನಗೆ ಬೇಕು ಎಂದನಂತೆ." ಹೆಲೆನ್ ಮಾತು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. "ಯಾಕೆ, ನಿನಗೆ ಬೇಕಿತ್ತಾ?"

ಈಗಲಾದರೂ ಹೇಳಬಹುದಿತ್ತಲ್ಲ ಮಾರಾಯ್ತಿ! ಹೋದ ಜಾಗ ಬರುತ್ತಿರಲಿಲ್ಲ ನಿಜ, ಮುಂದಿನದಕ್ಕಾದರೂ ಹೆಸರು ನಿಲ್ಲುತ್ತಿತ್ತು. ಆದರೆ ಎದುರಿಗೆ ಇಷ್ಟು ಸಂತೋಷದಿಂದ ಕೊಡುತ್ತಿರುವವಳ ಮುಂದೆ ಇದು ಬೇಡ, ಅದು ಬೇಕಿತ್ತು ಎನ್ನುವುದು ಹೇಗೆ? ಅಂಕಲ್‌ನ ಮಾತು ಸುಳ್ಳಾಗುವುದಿಲ್ಲವೇ? "ಇಲ್ಲ ಇಲ್ಲ, ಸುಮ್ಮನೆ ಕೇಳಿದೆ" ಎಂದು ಮಾಲವಿಕಾ ನಕ್ಕಳು. ಹೆಲೆನ್ ಪೆನ್ನು ಕೊಟ್ಟಳು, ಇವಳು ಸಹಿ ಹಾಕಿದಳು. ಶೌಚಾಲಯದ ಬಾಗಿಲು ಹಾಕಿಕೊಂಡು ಅಳುವಾಗಲೂ ನಲ್ಲಿ ಬಿಟ್ಟು ಸದ್ದು ಮಾಡದೆ ಅತ್ತಳು.

ಜುಲೈ ರಜೆಯಲ್ಲಿ ಗುರುದತ್ ಮತ್ತು ಧ್ರುವ ಪರ್ತ್‌ಗೆ ಬಂದರು. ವಿಷಯವನ್ನು ಅವಳು ಗುರುದತ್‌ಗೆ ಮೊದಲೇ ಹೇಳಿದ್ದಳು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಧ್ರುವನಿಗೆ ನೀನೇ ಹೇಳಿಬಿಡು ಎಂದು ಅವನಿಗೇ ಒಪ್ಪಿಸಿದ್ದಳು. ಅವನು ಇನ್ನೂ ಹೇಳಿರಲಿಲ್ಲ.

ಅವರು ಹೊರಡುವ ಹಿಂದಿನ ದಿನ ಪಿಯಾರಾ ವಾಟರ್ಸ್‌ನ ಹೊಸ ಬಡಾವಣೆಯಲ್ಲಿ ಗೊತ್ತಿದ್ದವರ ಗೃಹಪ್ರವೇಶವಿತ್ತು. ಹೋಮದ ಹೊಗೆಗೆ ಕೂಗದಿರಲೆಂದು ಚಾವಣಿಯ ಹೊಗೆ ಅಲಾರಾಂಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು. ಊಟದ ಹೊತ್ತಿಗೆ ಅನಂತಪದ್ಮನಾಭ ಅಂಕಲ್ ಮಾಲವಿಕಾಳನ್ನು ಕಂಡವರೇ ನಾಲ್ಕು ಜನರ ನಡುವೆ ನಿಲ್ಲಿಸಿಕೊಂಡರು.

"ನೋಡಿ, ನಮ್ಮ ಮಾಲವಿಕಾ ಈಗ ಹೆಡ್! ಮೂರು ವರ್ಷ ಗಟ್ಟಿ ಮಾಡಿಸ್ಬಿಟ್ಟೆ. ಬಿಟ್ಟು ಹೋಗ್ತಾಳಂತೆ ಅಂತ ಹೇಳಿದ್ರೆ ಅವರು ನಿನ್ನ ತಪ್ಪು ತಿಳ್ಕೋತಾರೆ ಕಣಮ್ಮ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಇಂಥ ಟೀಚರ್ ಸಿಗಲ್ಲ, ಚೆನ್ನಾಗಿ ನೋಡ್ಕೊಳ್ಳಿ ಅಂದೆ. ಮೊದ್ಲು ಹುದ್ದೆ ಬರ್ಲಿ, ಬ್ರಿಸ್ಬೇನ್ ಆಮೇಲೆ ತಾನಾಗೇ ಬರತ್ತೆ. ನಮ್ಮ ನಿಹಾರಿಕಾನೂ ಹನ್ನೆರಡನೇ ಕ್ಲಾಸ್ ಮುಗಿಸ್ಕೋತಾಳೆ, ಅಲ್ವಾ?"

ಮುದುಕರ ಕಣ್ಣಲ್ಲಿ ಕಪಟವಿರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. "ತುಂಬಾ ಉಪಕಾರ ಆಯ್ತು ಅಂಕಲ್" ಎಂದು ಬಗ್ಗಿ ಅವರ ಕಾಲು ಮುಟ್ಟಿದಳು. ಸುತ್ತಲಿದ್ದವರು ಖುಷಿಪಟ್ಟರು. ಕೇಟರಿಂಗ್‌ನಲ್ಲಿ ಪಾರ್ಟ್‌ಟೈಮ್ ಬಡಿಸುತ್ತಿದ್ದ ವಿದ್ಯಾರ್ಥಿ ಉತ್ತಮ್ ಹತ್ತಿರ ಬಂದು ಮೆಲ್ಲಗೆ, "ಆಂಟಿ, ನಂದೂ ಒಂದು ಕೆಲಸದ ವಿಷ್ಯ ಇದೆ. ಅಂಕಲ್ ಹತ್ರ ನೀವು ಒಂದು ಮಾತು ಹೇಳ್ತೀರಾ?" ಎಂದ.

"ನೀನೇ ಹೋಗಿ ಕೇಳಪ್ಪ. ಅಂಕಲ್ ಹತ್ರ ಅಲ್ಲ, ಕೆಲಸ ಕೊಡೋರ ಹತ್ರ," ಎಂದಳು. ಧ್ವನಿ ಅವಳೆಣಿಸಿದ್ದಕ್ಕಿಂತ ಒರಟಾಗಿತ್ತು. ತಮ್ಮ ಕೆಲಸ ಆದಮೇಲೆ ಜನ ಹೀಗೇ ಎಂಬ ಮುಖ ಮಾಡಿಕೊಂಡು ಉತ್ತಮ್ ಪಾಯಸದ ಪಾತ್ರೆ ಎತ್ತಿಕೊಂಡು ಹೋದ.

ಮನೆಗೆ ಮರಳುವಾಗ ಕಾರು ಗುರುದತ್ ಓಡಿಸುತ್ತಿದ್ದ. ಧ್ರುವ ಹಿಂದಿನ ಸೀಟಿನಲ್ಲಿದ್ದ. ಕನ್ನಡ ಪೂರ್ತಿ ಅರ್ಥವಾಗುವ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುವ ಹುಡುಗ ಅಂಕಲ್‌ನ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದ್ದ. ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ.

"ಇನ್ನೂ ಮೂರು ವರ್ಷ ಇಲ್ಲೇ ಇರೋಕೆ ನೀನೇ ಕೇಳಿದ್ಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ ಕಣೋ."

"ಮತ್ತೆ ಏನು ಕೇಳಿದೆ?"

ಮಾಲವಿಕಾ ಗಂಡನ ಕಡೆ ನೋಡಿದಳು. ಅವನು ರಸ್ತೆ ನೋಡುತ್ತಿದ್ದ.

"ನೀನು ನಮ್ಮ ಜೊತೆ ಬರಬೇಕು ಅಂತ ಅಪ್ಪ ಹೇಳ್ತಾರೆ, ಅತ್ತೆ ಹೇಳ್ತಾರೆ," ಎಂದ ಧ್ರುವ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ವಿಚಾರಿಸುತ್ತಿದ್ದ. "ನೀನು ಒಂದು ಸಲಾನೂ ಹೇಳಿಲ್ಲ. ನಿನಗೆ ಬರೋಕೆ ಇಷ್ಟ ಇದೆಯಾ?"

ನಿಜ. ಎಷ್ಟೋ ಸಲ ಫೋನಿನಲ್ಲಿ ಗುರುದತ್‌ಗೆ, "ಅಮ್ಮ ಬೇಗ ಬರ್ತಾಳೆ ಅಂತ ಅವನಿಗೆ ಹೇಳು" ಎಂದಿದ್ದಳು. ಗುರುದತ್‌ನ ಅಕ್ಕನಿಗೆ, "ನಾನು ಅವನನ್ನ ಕೇಳ್ದೆ ಅಂತ ಹೇಳಿ" ಎಂದಿದ್ದಳು. ಹೆತ್ತ ಮಗನಿಗೂ ಅವಳು ಬೇರೆಯವರ ಬಾಯಲ್ಲೇ ಹೇಳಿಸಿದ್ದಳು. ಅವನೆದುರು ಅತ್ತರೆ ಮಗು ಕುಗ್ಗುತ್ತದೆ ಎಂದು ನಗುನಗುತ್ತ ಮಾತಾಡಿ ಫೋನಿಡುತ್ತಿದ್ದಳು. ಆ ನಗುವನ್ನು ಅವನು ನಂಬಿದ್ದ.

"ಕಾರು ಒಂದ್ನಿಮಿಷ ನಿಲ್ಸು ಗುರು."

ರಸ್ತೆಯ ಬದಿಗೆ ಕಾರು ನಿಂತಿತು. ಮಾಲವಿಕಾ ಇಳಿದು ಹಿಂದಿನ ಬಾಗಿಲು ತೆಗೆದು ಮಗನ ಪಕ್ಕ ಕೂತಳು. ತರಗತಿಯಲ್ಲಿ ಒಮ್ಮೆಯೂ ತಡವರಿಸದ ಧ್ವನಿ ತಡವರಿಸಿತು. "ನನಗೆ ಬರ್ಬೇಕು ಧ್ರುವ. ನನಗೆ ನೀನು ಬೇಕು. ಇಲ್ಲಿ ಒಂದು ದಿನಾನೂ ಇರೋಕೆ ಆಗ್ತಿಲ್ಲ ಕಣೋ ನನಗೆ."

ಧ್ರುವ ಪೂರ್ತಿ ಅವಳ ಕಡೆ ತಿರುಗಿ ಕೂತ. "ಹಾಗಾದ್ರೆ ನಿಮ್ಮ ಪ್ರಿನ್ಸಿಪಾಲ್‌ಗೆ ಹೇಳು" ಎಂದ.

"ಹೇಳ್ತೀನಿ. ನಾನೇ ಹೇಳ್ತೀನಿ. ಆದ್ರೆ ಆ ಜಾಗ ಈಗ ಇಲ್ಲ ಪುಟ್ಟ. ಬೇರೆಯವರಿಗೆ ಹೋಯ್ತು."

ಧ್ರುವ ಸೀಟ್ ಬೆಲ್ಟ್ ಸಡಿಲಿಸಿಕೊಂಡು ಅವಳಿಗೆ ಒರಗಿದ. ಗುರುದತ್ ಮೆಲ್ಲಗೆ ಕಾರು ಹೊರಡಿಸಿದ. ಅವರಿಬ್ಬರ ವಿಮಾನ ಮರುದಿನ ಬೆಳಿಗ್ಗೆ ಇತ್ತು. ಅವಳ ಮೂರು ವರ್ಷ ಸೋಮವಾರದಿಂದ ಶುರುವಾಗುವುದಿತ್ತು.